ಸಾಲಡ್ ಸೊಪ್ಪಿನ ಕಪ್ ಲೆಕ್ಕವನ್ನು ಗ್ರಾಂಗೆ ತರುವುದು ಹೇಗೆ? 24 ಜನಕ್ಕೆ ಎಷ್ಟು ತರಿಸಬೇಕು?

ಮಡಿಕೇರಿ_ಹೋಂಸ್ಟೇ

ನಮಸ್ಕಾರ. ಶನಿವಾರ ಮಧ್ಯಾಹ್ನ 24 ಜನರ ಊಟ ಇದೆ. ಅನ್ನ, ಪಂದಿಕರಿ, ಕಡಂಬುಟ್ಟು ಜೊತೆಗೆ ಒಂದು ಹಸಿ ಸಾಲಡ್, ಒಂದು ಪಾಲಕ್ ಕಟ್ಲೆಟ್ ಕೇಳಿದ್ದಾರೆ. ಎರಡೂ ರೆಸಿಪಿ ಅಮೆರಿಕದವು.

ಸಾಲಡ್ 6 ಜನಕ್ಕೆ: ಕೈಯಲ್ಲಿ ಹರಿದ ಲೀಫ್ ಲೆಟ್ಯೂಸ್ 8 ಕಪ್, ಅರುಗುಲ (ಸ್ವಲ್ಪ ಖಾರದ ಸಾಲಡ್ ಸೊಪ್ಪು) 5 ಔನ್ಸ್, ಪುದೀನ ಎಲೆ ಅರ್ಧ ಕಪ್ 'ಪ್ಯಾಕ್ಡ್'. ಕಟ್ಲೆಟ್ 12ಕ್ಕೆ: ಬೇಯಿಸಿ ಹಿಂಡಿದ ಪಾಲಕ್ 1 ಕಪ್. ನಮಗೆ 48 ಕಟ್ಲೆಟ್ ಬೇಕು.

ಲೆಟ್ಯೂಸ್ ಕೊಡುವವರು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಶುಕ್ರವಾರದ ಸಂತೆಯಲ್ಲಿ ಪಾಲಕ್, ಪುದೀನ ಕಟ್ಟಿನ ಲೆಕ್ಕ. ನೆಟ್‌ನಲ್ಲಿ ಹುಡುಕಿದರೆ ಒಂದು ಕಪ್ ಲೆಟ್ಯೂಸ್ ಅಂದರೆ ಒಂದು ಕಡೆ 36 ಗ್ರಾಂ, ಇನ್ನೊಂದು ಕಡೆ 47, ಮತ್ತೊಂದು ಕಡೆ 72. ಯಾವುದು ಸರಿ? 8 ಔನ್ಸ್ ಅಂದರೆ 1 ಕಪ್ ಅಂತ ಗೊತ್ತು, ಹಾಗಾದರೆ 5 ಔನ್ಸ್ ಅರುಗುಲ ಅಂದರೆ ಅರ್ಧ ಕಪ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇನಾ? 6 ಜನಕ್ಕೆ ಅದು ಸಾಲುವ ಹಾಗೆ ಕಾಣುವುದಿಲ್ಲ. ಇನ್ನೊಂದು, ನಮ್ಮ 5 ಕಿಲೋ ತೂಕದ ಮಿಷನ್‌ನಲ್ಲಿ ಪುದೀನ ಎಲೆ ಹಾಕಿದರೆ ಸೊನ್ನೆಯೇ ತೋರಿಸುತ್ತದೆ. ಮಿಷನ್ ಕೆಟ್ಟಿದೆಯಾ?


ತಕ್ಕಡಿ_ಕುಶಾಲನಗರ

ಮೊದಲು ಔನ್ಸಿನ ವಿಷಯ, ಏಕೆಂದರೆ ಲೆಕ್ಕ ಪೂರಾ ತಪ್ಪುವುದು ಅಲ್ಲೇ. ಔನ್ಸ್ ಎರಡು ಥರ. 8 ಔನ್ಸಿಗೆ ಒಂದು ಕಪ್ ಎನ್ನುವುದು ಹಾಲು, ನೀರು, ಎಣ್ಣೆ ಅಳೆಯುವ ಫ್ಲೂಯಿಡ್ ಔನ್ಸ್, ಒಂದಕ್ಕೆ 29.6 ಮಿಲೀ. ಸೊಪ್ಪಿನ ಮುಂದೆ ಔನ್ಸ್ ಅಂತ ಬರೆದಿದ್ದರೆ ಅದು ತೂಕ, ಒಂದಕ್ಕೆ 28.35 ಗ್ರಾಂ. ಹಾಗಾಗಿ 5 ಔನ್ಸ್ ಅರುಗುಲ ಅಂದರೆ 142 ಗ್ರಾಂ. ಅಲ್ಲಿನ ಅಂಗಡಿಗಳಲ್ಲಿ ತೊಳೆದ ಎಳೆ ಎಲೆಯ ಡಬ್ಬಿ ಈ ತೂಕದಲ್ಲೇ ಬರುತ್ತದೆ, ರೆಸಿಪಿಯಲ್ಲಿ 5 ಎಂಬ ಅಂಕಿ ಬರುವುದು ಅದಕ್ಕೇ. ಅರುಗುಲ ಕಪ್ಪಿಗೆ 20 ಗ್ರಾಂ ಹಿಡಿಯುತ್ತದೆ, ಅಂದರೆ ಇದು 7 ಕಪ್. ಅರ್ಧ ಕಪ್ ಹಾಕಿದರೆ ಹತ್ತನೇ ಒಂದು ಭಾಗವೂ ಆಗುವುದಿಲ್ಲ.

ಈಗ ಲೆಟ್ಯೂಸ್. ನೀವು ನೋಡಿದ ಮೂರು ಅಂಕಿಯೂ ಸರಿ, ಮೂರೂ ಬೇರೆ ಬೇರೆ ಜಾತಿಯ ಲೆಟ್ಯೂಸಿನವು. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ ಸಣ್ಣಗೆ ಹೆಚ್ಚಿದ ಹಸಿರು ಲೀಫ್ ಲೆಟ್ಯೂಸ್ ಕಪ್ಪಿಗೆ 36 ಗ್ರಾಂ, ರೊಮೇನ್ 47, ಐಸ್‌ಬರ್ಗ್ 72. ಲೀಫ್ ಲೆಟ್ಯೂಸ್ ಅಂಚು ಸುರುಳಿ ಸುರುಳಿ, ಒಂದು ಎಲೆ ಇನ್ನೊಂದರ ಮೇಲೆ ಕೂರುವುದಿಲ್ಲ, ನಡುವೆಲ್ಲ ಗಾಳಿ. ಐಸ್‌ಬರ್ಗ್ ಎಲೆಕೋಸಿನ ಹಾಗೆ ಗಟ್ಟಿ, ಹೆಚ್ಚಿದರೆ ಎಳೆ ಎಳೆಯಾಗಿ ಒತ್ತಾಗಿ ಕೂರುತ್ತದೆ. ಅದೇ ಪಟ್ಟಿಯಲ್ಲಿ ಹಸಿ ಪಾಲಕ್ 30 ಗ್ರಾಂ, ಸಾಸಿವೆ ಸೊಪ್ಪು ಹೆಚ್ಚಿದ್ದು 56, ಎಲೆಕೋಸು ತುರಿದ ಹಾಗೆ ಹೆಚ್ಚಿದ್ದು 70, ತುಂಡು ಮಾಡಿದ್ದು 89. ಕೋಸು ಒಂದೇ, ಚಾಕು ಆಡಿಸಿದ ರೀತಿ ಬದಲಾದರೆ 19 ಗ್ರಾಂ ವ್ಯತ್ಯಾಸ ನೋಡಿ.

ಗಾಳಿಯ ಪಾಲು ಎಷ್ಟು ಅಂತ ತಿಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಾಲಕ್ ಎಲೆಯಲ್ಲಿ ನೂರಕ್ಕೆ 91 ಭಾಗ ನೀರು. 30 ಗ್ರಾಂ ಎಲೆ ಅಂದರೆ ಎಲೆಯೊಳಗಿನ ಗಾಳಿ ಸೇರಿಸಿದರೂ 40 ಮಿಲೀ ದಾಟುವುದು ಕಷ್ಟ. ಕಪ್ 240 ಮಿಲೀ. ಉಳಿದ 200 ಮಿಲೀ ಬರೀ ಗಾಳಿ. ಕೈ ಸ್ವಲ್ಪ ಅದುಮಿದರೆ ಹೋಗುವುದು ಆ ಗಾಳಿಯೇ. ಅಕ್ಕಿ, ಹಿಟ್ಟಿನ ಕಪ್ ಲೆಕ್ಕದಲ್ಲಿ ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗುತ್ತದೆ. ಸೊಪ್ಪಿನಲ್ಲಿ ಒಂದೂವರೆ ಪಟ್ಟು ಆಗುತ್ತದೆ.

ನಿಮ್ಮ ರೆಸಿಪಿಯಲ್ಲಿ 'ಕೈಯಲ್ಲಿ ಹರಿದ' ಅಂತ ಇದೆ. ಅಂಗೈ ಅರ್ಧದಷ್ಟು ತುಂಡುಗಳು ಹೆಚ್ಚಿದ್ದಕ್ಕಿಂತ ಸಡಿಲವಾಗಿ ಕೂರುತ್ತವೆ, 36ರ ಬದಲು 25ರಿಂದ 30 ಗ್ರಾಂ ಹಿಡಿಯಿರಿ. 28 ಅಂತ ಇಟ್ಟುಕೊಂಡರೆ 8 ಕಪ್ಪಿಗೆ ಸುಮಾರು 225 ಗ್ರಾಂ. 'ಪ್ಯಾಕ್ಡ್' ಅಂದರೆ ಬೆರಳಿನಿಂದ ಮೆಲ್ಲಗೆ ಒತ್ತಿ ತುಂಬಿದ್ದು. ಕೈ ತೆಗೆದ ಮೇಲೆ ಎಲೆ ಮತ್ತೆ ಮೇಲೇಳಬಾರದು, ಹಾಗಂತ ರಸ ಬಿಡುವಷ್ಟು ಒತ್ತಬಾರದು. ಹಾಗೆ ತುಂಬಿದ ಪುದೀನ ಎಲೆ ಕಪ್ಪಿಗೆ 25ರಿಂದ 30 ಗ್ರಾಂ, ಅರ್ಧ ಕಪ್ ಅಂದರೆ 13ರಿಂದ 15.

ಮಿಷನ್ ಕೆಟ್ಟಿಲ್ಲ. ಡಿಜಿಟಲ್ ಮಿಷನ್‌ಗಳಲ್ಲಿ ಸೊನ್ನೆ ತಾನಾಗಿ ಜಾರದಂತೆ ಹಿಡಿದಿಡುವ ಒಂದು ವ್ಯವಸ್ಥೆ ಇರುತ್ತದೆ. ಬಟ್ಟಲು ಇಟ್ಟು ಸೊನ್ನೆ ಒತ್ತಿ, ಒಂದೊಂದೇ ಎಲೆ ಹಾಕುತ್ತಾ ಹೋದರೆ ಪ್ರತಿ ಸಲದ ಅರ್ಧ ಗ್ರಾಂ ಏರಿಕೆಯನ್ನು ಅದು ಜಾರಿಕೆ ಎಂದುಕೊಂಡು ಮತ್ತೆ ಸೊನ್ನೆಗೆ ಎಳೆದುಕೊಳ್ಳುತ್ತದೆ. ಎರಡು ಉಪಾಯ. ಎಲೆ ಪೂರ್ತಿ ಬಿಡಿಸಿ ಒಂದು ತಟ್ಟೆಯಲ್ಲಿ ರಾಶಿ ಮಾಡಿಕೊಂಡು ಒಂದೇ ಸಲ ಬಟ್ಟಲಿಗೆ ಸುರಿಯಿರಿ. ಇಲ್ಲವೇ ಸೊನ್ನೆ ಒತ್ತಲೇಬೇಡಿ: ಬಟ್ಟಲಿನ ತೂಕ 212 ಇದ್ದರೆ ಅದನ್ನು ಬರೆದುಕೊಂಡು, 227 ಬರುವವರೆಗೆ ಎಲೆ ಹಾಕಿ. ಫ್ಯಾನ್ ಆಫ್ ಇರಲಿ. ಅಗಲ ಪಾತ್ರೆ ಇಟ್ಟಾಗ ಅದರ ಅಂಚು ಪಕ್ಕದ ಗೋಡೆಗೋ ಡಬ್ಬಿಗೋ ತಾಗದಂತೆ ನೋಡಿಕೊಳ್ಳಿ, ತಾಗಿದರೆ ತೂಕ ಕಡಿಮೆ ತೋರಿಸುತ್ತದೆ.


ಸೊಪ್ಪಿನ_ಮಡಿ

ತಕ್ಕಡಿಯವರು ಹೇಳಿದ್ದು ಸೋಸಿದ ಸೊಪ್ಪಿನ ಲೆಕ್ಕ. ನೀವು ದುಡ್ಡು ಕೊಟ್ಟು ತರುವುದು ಬೇರು, ಕಡ್ಡಿ, ಮಣ್ಣು ಸಮೇತ. ಅದನ್ನು ಬಿಟ್ಟು ಆರ್ಡರ್ ಕೊಟ್ಟರೆ ಶನಿವಾರ ಬೆಳಿಗ್ಗೆ ಕಡಿಮೆ ಬೀಳುತ್ತದೆ.

ಬೇರು ಸಮೇತ ಕಟ್ಟಿದ ಪಾಲಕ್ 1 ಕಿಲೋ ತಂದರೆ ಸೋಸಿದ ಮೇಲೆ 650ರಿಂದ 700 ಗ್ರಾಂ ಉಳಿಯುತ್ತದೆ. ಬುಡ ಸಮೇತ ಬರುವ ಲೀಫ್ ಲೆಟ್ಯೂಸ್, ಹೊರಗಿನ ಎಲೆ ತೆಗೆದರೆ ಸುಮಾರು 750. ಪುದೀನ, ಕೊತ್ತಂಬರಿಯಲ್ಲಿ ಬರೀ ಎಲೆ ಬಿಡಿಸಿದರೆ 400ರ ಆಸುಪಾಸು. ಕೊತ್ತಂಬರಿಯ ಎಳೆ ಕಡ್ಡಿ ಸೇರಿಸಿಕೊಂಡರೆ ಇನ್ನೂ ಜಾಸ್ತಿ ಸಿಗುತ್ತದೆ, ಅದು ಎಸೆಯುವ ವಸ್ತುವೇ ಅಲ್ಲ. ಪುದೀನ ಕಡ್ಡಿ ಮಾತ್ರ ನಾರು, ಸಾಲಡ್‌ಗೆ ಬೇಡ.

ಇಲ್ಲೊಂದು ಲೆಕ್ಕದ ತಪ್ಪು ತುಂಬಾ ಜನ ಮಾಡುತ್ತಾರೆ. ನೂರಕ್ಕೆ 30 ಹೋಗುತ್ತದೆ ಅಂದಾಗ ಬೇಕಾದ ತೂಕಕ್ಕೆ 30 ಸೇರಿಸಿ ತರುತ್ತಾರೆ. ಸೋಸಿದ ಸೊಪ್ಪು 1 ಕಿಲೋ ಬೇಕು ಅಂತ 1.3 ಕಿಲೋ ತಂದರೆ ಉಳಿಯುವುದು 910 ಗ್ರಾಂ. ಸೇರಿಸಬಾರದು, ಭಾಗಿಸಬೇಕು: 1 ÷ 0.7, ಅಂದರೆ 1.43 ಕಿಲೋ.

ಮಳೆಗಾಲದ ಮಾತು ಬೇರೆಯೇ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟು ನೆನೆದೇ ಬರುತ್ತದೆ, ಎಲೆಯ ಸಂದಿಯಲ್ಲಿ ನೀರು, ಬೇರಿನಲ್ಲಿ ಕೆಸರು. ತೂಕ ನೋಡಿ ತಂದರೆ ನೀರಿಗೂ ದುಡ್ಡು. ಒಂದು ಕಟ್ಟು ಬಿಚ್ಚಿ ತೂಗಿ, ಕೊಡವಿ, ಹತ್ತಿ ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ಬಿಟ್ಟು ಮತ್ತೆ ತೂಗಿ. ಕಡಿಮೆಯಾದ ಗ್ರಾಂ ಎಷ್ಟೋ ಅಷ್ಟು ನೀರು; ಉಳಿದ ಕಟ್ಟುಗಳಿಗೂ ಅದೇ ಅಂದಾಜು ಹಾಕಬಹುದು. ತೊಳೆದ ಸೊಪ್ಪಿಗೂ ಇದೇ ಮಾತು: ರೆಸಿಪಿ ತೂಕಕ್ಕೆ ತೂಗುವುದಾದರೆ ತೊಳೆಯುವ ಮೊದಲು ತೂಗಿ, ಇಲ್ಲವೇ ಪೂರ್ತಿ ಒಣಗಿದ ಮೇಲೆ ತೂಗಿ. ನಡುವೆ ತೂಗಬೇಡಿ.

ಕಟ್ಟಿನ ಲೆಕ್ಕಕ್ಕೆ ಬೇರೆ ದಾರಿ ಇಲ್ಲ. ಒಂದೇ ರಾಶಿಯಿಂದ ಮೂರು ಕಟ್ಟು ಎತ್ತಿ ತೂಗಿ ಸರಾಸರಿ ತೆಗೆಯಿರಿ. ಸಂತೆಗೆ ಹೋಗುವಾಗ ಕೈಯಲ್ಲಿ ಹಿಡಿಯುವ ಕೊಕ್ಕೆ ತಕ್ಕಡಿ ಚೀಲದಲ್ಲಿದ್ದರೆ ಸಾಕು.


ಮಡಿಕೇರಿ_ಹೋಂಸ್ಟೇ

ತಕ್ಕಡಿ ಸರ್, ಸೊಪ್ಪಿನ ಮಡಿಯವರೇ, ಇಬ್ಬರಿಗೂ ಧನ್ಯವಾದ. ಹಾಗಾದರೆ ರೆಸಿಪಿಯನ್ನು ನಾಲ್ಕು ಪಟ್ಟು ಮಾಡಿದರೆ ಲೆಟ್ಯೂಸ್ 900 ಗ್ರಾಂ, ಅರುಗುಲ 567, ಪುದೀನ 52ರಿಂದ 60. ಸರಿಯಾ? ಪಾಲಕ್ ಬೇಯಿಸಿದ್ದು 4 ಕಪ್ ಬೇಕು, ಕಪ್ಪಿಗೆ 30 ಗ್ರಾಂ ಅಂದರೆ 120 ಗ್ರಾಂ ಪಾಲಕ್ ಸಾಕಾ? ಅರುಗುಲ ಸಿಗದಿದ್ದರೆ ಏನು ಹಾಕಬಹುದು? ತೆರ್ಮೆ ತೊಪ್ಪು ಈಗ ಸಿಗುತ್ತಿದೆ, ಅದನ್ನೇ ಅಷ್ಟೇ ಕಪ್ ಹಾಕಬಹುದಾ?


ಬಾಣಲೆ_ವಿರಾಜಪೇಟೆ

ಪಾಲಕ್ 120 ಗ್ರಾಂ ಅಲ್ಲ ಅಕ್ಕ, ದಯವಿಟ್ಟು ಆ ಲೆಕ್ಕದಲ್ಲಿ ತರಬೇಡಿ. 30 ಗ್ರಾಂ ಅನ್ನುವುದು ಹಸಿ ಎಲೆ ಸಡಿಲವಾಗಿ ತುಂಬಿದ ಕಪ್. ಬೆಂದು ನೀರು ಬಸಿದ ಪಾಲಕ್ ಕಪ್ಪಿಗೆ 180 ಗ್ರಾಂ. ಬೆಂದಾಗ ಎಲೆ ಬಿಗಿ ಕಳೆದುಕೊಂಡು ಕುಸಿಯುತ್ತದೆ, ನಡುವಿನ ಗಾಳಿಯೆಲ್ಲ ಹೋಗುತ್ತದೆ, ಜೊತೆಗೆ ಎಲೆಯ ಸ್ವಂತ ನೀರೂ ಹೊರಬರುತ್ತದೆ. ಹಿಂಡಿದ ಮೇಲೆ ಒಂದು ಕಪ್ ಬರಬೇಕಾದರೆ ಸೋಸಿದ ಹಸಿ ಪಾಲಕ್ 450ರಿಂದ 500 ಗ್ರಾಂ ಬೇಕು. ಹಸಿಯಲ್ಲಿ ಅದು 15 ಕಪ್ಪಿಗೂ ಮೇಲೆ. ನಿಮಗೆ 4 ಕಪ್ ಅಂದರೆ ಸೋಸಿದ್ದು 1.8ರಿಂದ 2 ಕಿಲೋ. ಸಂತೆಯಿಂದ ತರಬೇಕಾದದ್ದು 0.7ರಿಂದ ಭಾಗಿಸಿ, 2.6ರಿಂದ 2.9 ಕಿಲೋ. 3 ಕಿಲೋ ತನ್ನಿ. ಫ್ರೀಜರ್ ಪಾಲಕ್ ಸಿಕ್ಕಿದರೆ 283 ಗ್ರಾಂನ ಒಂದು ಪ್ಯಾಕೆಟ್ ಸುಮಾರು 450 ಗ್ರಾಂ ತಾಜಾ ಸೊಪ್ಪಿಗೆ ಸಮ.

ಹಿಂಡುವುದರಲ್ಲೂ ಲೆಕ್ಕ ಇದೆ. ಬರೀ ಜಾಲರಿಯಲ್ಲಿ ಬಸಿದರೆ ಕಟ್ಲೆಟ್ ಎಣ್ಣೆಯಲ್ಲಿ ಬಿರಿಯುತ್ತದೆ. ಕುದಿನೀರಿಗೆ ಹಾಕಿ ಎಲೆ ಕುಸಿದ ಕೂಡಲೇ, ಒಂದು ನಿಮಿಷದೊಳಗೆ, ತೆಗೆದು ತಣ್ಣೀರಿಗೆ ಹಾಕಿ. ಆಮೇಲೆ ಎರಡು ಕೈಯಲ್ಲಿ ಕಿತ್ತಳೆ ಗಾತ್ರದ ಉಂಡೆ ಮಾಡಿ ಹಿಂಡಿ. ಹನಿ ನಿಂತಿತು ಅನ್ನಿಸಿದ ಮೇಲೆ ಆ ಉಂಡೆಯನ್ನು ಅಡ್ಡಕ್ಕೆ ಎರಡು ಸಲ ಕತ್ತರಿಸಿ ಮತ್ತೆ ಹಿಂಡಿ, ಒಳಗಿನಿಂದ ಹಸಿರು ನೀರು ಇನ್ನೂ ಒಂದು ಸೌಟು ಬರುತ್ತದೆ. 2 ಕಿಲೋ ಸೊಪ್ಪನ್ನು ಒಂದೇ ಸಲ ಹಾಕಬೇಡಿ. ಮಡಿಕೇರಿ ಎತ್ತರದಲ್ಲಿ ನೀರು 96 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ಅಷ್ಟು ತಣ್ಣನೆ ಸೊಪ್ಪು ಬಿದ್ದರೆ ಕುದಿ ನಿಂತು ಸೊಪ್ಪು ಕಂದು ಬಣ್ಣಕ್ಕೆ ತಿರುಗುತ್ತದೆ. 400 ಗ್ರಾಂನಂತೆ ಐದು ಸಲ ಹಾಕಿ.

ಎಲ್ಲ ಸೊಪ್ಪೂ ಹೀಗೇ ಕುಸಿಯುತ್ತದೆ ಅಂದುಕೊಳ್ಳಬೇಡಿ. ದಂಟಿನ ಸೊಪ್ಪು ಹಸಿ ಕಪ್ಪಿಗೆ 28, ಬೆಂದರೆ 132. ಕೆಸುವಿನ ಎಲೆ 28 ಇದ್ದದ್ದು 145. ಆದರೆ ನುಗ್ಗೆ ಸೊಪ್ಪು 21 ಇದ್ದದ್ದು ಬೆಂದ ಮೇಲೂ 42 ಅಷ್ಟೇ, ಆ ಪುಟ್ಟ ಎಲೆಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಪಾಲಕ್ ಬದಲು ನುಗ್ಗೆ ಹಾಕುವವರು 'ಬೇಯಿಸಿದ 1 ಕಪ್' ಅನ್ನುವುದನ್ನು ಹಾಗೇ ತೆಗೆದುಕೊಂಡರೆ ಕಟ್ಲೆಟ್‌ನಲ್ಲಿ ಸೊಪ್ಪೇ ಇರುವುದಿಲ್ಲ.

ತೆರ್ಮೆ ತೊಪ್ಪು ಹಸಿ ಸಾಲಡ್‌ಗೆ ಬೇಡವೇ ಬೇಡ. ಅದು ಜರೀಗಿಡದ ಸುರುಳಿ ಚಿಗುರು, ಮೇಲಿನ ನವಿರು ಉಜ್ಜಿ ತೆಗೆದು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಕೆಂಬು ತೊಪ್ಪಿಗೂ (ಕೆಸುವಿನ ಎಲೆ) ಅದೇ ಮಾತು, ಹಸಿಯಾಗಿ ಬಾಯಿಗೆ ಹೋದರೆ ಗಂಟಲು ಕೆರೆಯುತ್ತದೆ. ಅತಿಥಿಗಳಿಗೆ ತೆರ್ಮೆ ತೋರಿಸಲೇಬೇಕು ಅಂದರೆ ಪಲ್ಯ ಮಾಡಿ ಪಕ್ಕದಲ್ಲಿಡಿ.

ಅರುಗುಲ ಬದಲಿಗೆ ಎಳೆ ಸಾಸಿವೆ ಸೊಪ್ಪು ಅಥವಾ ಎಳೆ ಮೂಲಂಗಿ ಸೊಪ್ಪು. ಎರಡಕ್ಕೂ ಅದೇ ಜಾತಿಯ ಖಾರ ಇದೆ. ಕಪ್ ಲೆಕ್ಕದಲ್ಲಿ ಬದಲಾಯಿಸಬೇಡಿ: ಅರುಗುಲ ಕಪ್ಪಿಗೆ 20 ಗ್ರಾಂ, ಹೆಚ್ಚಿದ ಸಾಸಿವೆ ಸೊಪ್ಪು 56. 7 ಕಪ್ಪಿಗೆ 7 ಕಪ್ ಹಾಕಿದರೆ ಸುಮಾರು ಮೂರು ಪಟ್ಟು ಸೊಪ್ಪು ಬೀಳುತ್ತದೆ, ಮೂಗಿಗೆ ಹತ್ತುತ್ತದೆ. ತೂಕದಲ್ಲೇ ಬದಲಾಯಿಸಿ, ಅದೂ ಅರ್ಧ ತೂಕ ಸಾಸಿವೆ, ಉಳಿದರ್ಧಕ್ಕೆ ಲೆಟ್ಯೂಸ್ ಸೇರಿಸಿ.


ತಕ್ಕಡಿ_ಕುಶಾಲನಗರ

ಬಾಣಲೆಯವರು ಪಾಲಕ್ ಹೇಳಿದ್ದು ಸರಿಯಾಗಿದೆ. ಸಾಲಡ್ ಬಗ್ಗೆ ಒಂದು ತಿದ್ದುಪಡಿ. ನಾಲ್ಕು ಪಟ್ಟಿನ ಗುಣಾಕಾರ ಸರಿ, ಆದರೆ ಒಟ್ಟು ಒಂದೂವರೆ ಕಿಲೋ, ತಲೆಗೆ 63 ಗ್ರಾಂ ಆಗುತ್ತದೆ. ಸಾಲಡ್ ದೊಡ್ಡ ಪಾಲಾಗಿರುವ ಊಟಕ್ಕೆ ಅಷ್ಟು ಬೇಕು. ಅನ್ನ, ಕಡಂಬುಟ್ಟು, ಪಂದಿಕರಿ ಇರುವ ಎಲೆಯಲ್ಲಿ 40 ಗ್ರಾಂ ಸಾಕು, ಹೆಚ್ಚಾದದ್ದು ಕಲಸಿದ ಮೇಲೆ ಉಳಿಸಿಡಲೂ ಬರುವುದಿಲ್ಲ. ಮೂರರಲ್ಲಿ ಎರಡು ಪಾಲು ಮಾಡಿ: ಲೆಟ್ಯೂಸ್ 600 ಗ್ರಾಂ, ಅರುಗುಲ 380, ಪುದೀನ 40. ತರಿಸಬೇಕಾದದ್ದು ಲೆಟ್ಯೂಸ್ 800 ಗ್ರಾಂ, ಅರುಗುಲ 420ರಿಂದ 450, ಪುದೀನ ಕಡ್ಡಿ ಸಮೇತ 100.

ಕಪ್ ಲೆಕ್ಕ ಪೂರ್ತಿ ಬಿಡಬೇಡಿ, ಅದು ಪಾತ್ರೆ ಆರಿಸಲು ಬೇಕು. 600 ಗ್ರಾಂ ಲೆಟ್ಯೂಸ್ 21 ಕಪ್, 380 ಗ್ರಾಂ ಅರುಗುಲ 19 ಕಪ್, ಒಟ್ಟು 40 ಕಪ್, ಅಂದರೆ ಸುಮಾರು 10 ಲೀಟರ್ ಜಾಗ. ಎಲೆ ಮುರಿಯದೆ ಕಲಸಲು ಅದರ ಎರಡು ಪಟ್ಟು ಜಾಗ ಬೇಕು, 20 ಲೀಟರ್ ಪಾತ್ರೆ. ಇಲ್ಲದಿದ್ದರೆ ಎರಡು ಸಲ ಕಲಸಿ. ಫ್ರಿಜ್‌ನಲ್ಲೂ ಅಷ್ಟು ಜಾಗ ಶುಕ್ರವಾರ ರಾತ್ರಿಯೇ ಖಾಲಿ ಮಾಡಿಟ್ಟುಕೊಳ್ಳಿ.

ನಿಮ್ಮ ಕಪ್ ಯಾವುದು ಅಂತಲೂ ನೋಡಿ. ಅಮೆರಿಕದ ಕಪ್ 240 ಮಿಲೀ ಹತ್ತಿರ, ಆಸ್ಟ್ರೇಲಿಯದ್ದು 250, ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180. ಮನೆಯಲ್ಲಿರುವ ಪಾವು, ಲೋಟ ಯಾವುದೇ ಇರಲಿ, ಅಂಚಿನವರೆಗೆ ನೀರು ತುಂಬಿ ತೂಗಿ. ನೀರಿನ ಗ್ರಾಂ ಎಷ್ಟೋ ಅಷ್ಟೇ ಮಿಲೀ.

ನಿಮ್ಮ ಸೊಪ್ಪಿಗೆ ನಿಮ್ಮದೇ ಅಂಕಿ ತೆಗೆಯುವುದಾದರೆ ಒಂದು ಕಪ್ ತೂಗಬೇಡಿ. 20 ಗ್ರಾಂಗೆ ಒಂದು ಗ್ರಾಂ ತಪ್ಪಿದರೂ ನೂರಕ್ಕೆ 5 ತಪ್ಪಿದ ಹಾಗೆ. 1 ಲೀಟರ್ ಜಗ್ ತೆಗೆದುಕೊಂಡು, ಒಂದು ಗೇಣು ಎತ್ತರದಿಂದ ಎಲೆ ಸಡಿಲವಾಗಿ ಬೀಳಿಸಿ, ಒತ್ತದೆ, ಅಂಗೈಯಿಂದ ಮೇಲೆ ಮಟ್ಟ ಮಾಡಿ ತೂಗಿ. ಮೂರು ಸಲ ಮಾಡಿ ಸರಾಸರಿಯನ್ನು 4.17ರಿಂದ ಭಾಗಿಸಿದರೆ ಕಪ್ಪಿನ ತೂಕ. ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲಿ 'ಹರಿದದ್ದು' ಅಥವಾ 'ಹೆಚ್ಚಿದ್ದು' ಅಂತ ಕಡ್ಡಾಯವಾಗಿ ಬರೆಯಿರಿ. ರೆಸಿಪಿಯಲ್ಲೂ ಅದನ್ನೇ ಗಮನಿಸಿ: 'ಹೆಚ್ಚಿದ ಪಾಲಕ್ 1 ಕಪ್' ಅಂದರೆ ಹೆಚ್ಚಿ ಅಳೆಯಬೇಕು, 'ಪಾಲಕ್ 1 ಕಪ್, ಹೆಚ್ಚಿಕೊಳ್ಳಿ' ಅಂದರೆ ಅಳೆದು ಹೆಚ್ಚಬೇಕು. ಎರಡನೆಯದರಲ್ಲಿ ಸೊಪ್ಪು ಕಡಿಮೆ.


ಸೊಪ್ಪಿನ_ಮಡಿ

ಡ್ರೆಸಿಂಗ್ ಕೂಡ ಸೊಪ್ಪಿನ ತೂಕಕ್ಕೇ ಕಟ್ಟಿ. 100 ಗ್ರಾಂ ಒಣ ಎಲೆಗೆ 25ರಿಂದ 30 ಮಿಲೀ. ನಿಮ್ಮ 1 ಕಿಲೋಗೆ 300 ಮಿಲೀ ಮಾಡಿಟ್ಟು, ಮೊದಲು 200 ಮಾತ್ರ ಹಾಕಿ ಕಲಸಿ ನೋಡಿ. ಎಲೆ ಒದ್ದೆ ಇದ್ದರೆ ಎಷ್ಟು ಹಾಕಿದರೂ ತಳಕ್ಕೆ ಇಳಿಯುತ್ತದೆ, ಆಗ ಇನ್ನಷ್ಟು ಸುರಿದು ಹಾಳು ಮಾಡುತ್ತಾರೆ. ಉಪ್ಪು ತಾಗಿದ ಕೂಡಲೇ ಎಲೆ ನೀರು ಬಿಡಲು ಶುರು, ಹಾಗಾಗಿ ಬಡಿಸುವ ಹತ್ತು ನಿಮಿಷ ಮೊದಲು ಮಾತ್ರ ಕಲಸಿ.


ಮಡಿಕೇರಿ_ಹೋಂಸ್ಟೇ

ವಿನಿಗರ್ ಬದಲು ಕಾಚಂಪುಳಿ ಹಾಕುವ ಯೋಚನೆ ಇದೆ. ರೆಸಿಪಿಯಲ್ಲಿ ಎಣ್ಣೆ 3 ಪಾಲಿಗೆ ವಿನಿಗರ್ 1 ಪಾಲು. ಅದೇ ಅಳತೆ ನಡೆಯುತ್ತದಾ?


ಬಾಣಲೆ_ವಿರಾಜಪೇಟೆ

ನಡೆಯುವುದಿಲ್ಲ ಅಕ್ಕ. ಕಾಚಂಪುಳಿ ಅಂದರೆ ಪಾಣಪುಳಿ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಬತ್ತಿಸಿ ಮಾಡಿದ್ದು, ವಿನಿಗರ್‌ಗಿಂತ ಎಷ್ಟೋ ಹುಳಿ, ಜೇನಿನಷ್ಟು ಮಂದ. 300 ಮಿಲೀ ಡ್ರೆಸಿಂಗ್‌ನಲ್ಲಿ 75 ಮಿಲೀ ಹುಳಿ ಪಾಲು ಇರಬೇಕಲ್ಲ, ಅದರಲ್ಲಿ ಕಾಚಂಪುಳಿ 2 ಟೀ ಚಮಚ, ಅಂದರೆ 10 ಮಿಲೀ ಮಾತ್ರ ಇರಲಿ. ಉಳಿದ 65 ಮಿಲೀಗೆ ಕಿತ್ತಳೆ ರಸ ಅಥವಾ ಉಗುರು ಬೆಚ್ಚಗಿನ ನೀರು. ಮೊದಲು ಕಾಚಂಪುಳಿಯನ್ನು ಆ ರಸದಲ್ಲಿ ಪೂರ್ತಿ ಕದಡಿ, ಆಮೇಲೆ ಒಂದು ಚಮಚ ಜೇನು, ಉಪ್ಪು, ಕುಟ್ಟಿದ ಕರಿಮೆಣಸು, ಕೊನೆಗೆ ಎಣ್ಣೆ. ನೇರ ಎಣ್ಣೆಗೆ ಬಿಟ್ಟರೆ ಮುದ್ದೆಯಾಗಿ ತಳದಲ್ಲಿ ಕೂರುತ್ತದೆ. ಮನೆ ಮನೆಯ ಕಾಚಂಪುಳಿ ಬೇರೆ ಬೇರೆ ಗಟ್ಟಿ ಇರುವುದರಿಂದ ಒಂದು ಲೆಟ್ಯೂಸ್ ಎಲೆ ಅದ್ದಿ ತಿಂದು ನೋಡಿ, ಬೇಕಾದರೆ ಅರ್ಧ ಚಮಚ ಏರಿಸಿ. ಬೆರಳಿನಿಂದ ನೆಕ್ಕಿ ರುಚಿ ನೋಡಿದರೆ ಹುಳಿ ಜಾಸ್ತಿ ಅನ್ನಿಸುತ್ತದೆ, ಎಲೆಯ ಮೇಲೆ ಅದೇ ಸಪ್ಪೆಯಾಗುತ್ತದೆ.


ಮಡಿಕೇರಿ_ಹೋಂಸ್ಟೇ

ಆಯ್ತು. ಆರ್ಡರ್ ಹೀಗೆ ಕೊಡುತ್ತಿದ್ದೇನೆ: ಲೀಫ್ ಲೆಟ್ಯೂಸ್ 800 ಗ್ರಾಂ, ಅರುಗುಲ 450 ಗ್ರಾಂ. ಅದು ಬರದಿದ್ದರೆ ಸೋಸಿದ ಎಳೆ ಸಾಸಿವೆ ಸೊಪ್ಪು 190 ಗ್ರಾಂ ಬರುವಷ್ಟು ಸಂತೆಯಿಂದ, ಉಳಿದ 190ಕ್ಕೆ ಲೆಟ್ಯೂಸ್ ಇನ್ನೂ 250. ಪಾಲಕ್ 3 ಕಿಲೋ, ಪುದೀನ 100 ಗ್ರಾಂ ಶುಕ್ರವಾರದ ಸಂತೆಯಿಂದ, ಮೂರು ಕಟ್ಟು ತೂಗಿ ನೋಡಿಯೇ. 20 ಲೀಟರ್ ಪಾತ್ರೆ ಇಲ್ಲ, 12 ಲೀಟರ್‌ದು ಇದೆ, ಎರಡು ಸಲ ಕಲಸುತ್ತೇವೆ.